ನನ್ನ ಫೈಲಿನ ಒಂದು ಅಂಕಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಾರವಾರದಲ್ಲಿ ನನ್ನ ಕೈಕೆಳಗೆ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳೇನಲ್ಲ. ನಮ್ಮ ಮನೆಯಲ್ಲಿ ಮಾತು ಕೊಂಕಣಿ, ತರಗತಿಯಲ್ಲಿ ಇಂಗ್ಲಿಷು, ಬೈಯುವುದಕ್ಕೆ ಮಾತ್ರ ಅಚ್ಚ ಕನ್ನಡ. ಇಪ್ಪತ್ತೆಂಟು ವರ್ಷ ಎಂಜಿನಿಯರಿಂಗ್ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸಿದೆ. ಬೈದದ್ದಕ್ಕೆ ಪಶ್ಚಾತ್ತಾಪಪಟ್ಟವಳಲ್ಲ. ಬೈಸಿಕೊಂಡವರೇ ಮದುವೆಗೆ ಕರೆಯುತ್ತಾರೆ, ಹೋಗಿ ಉಂಡು ಬರುತ್ತೇನೆ. ಒಬ್ಬಳನ್ನು ಬೈದದ್ದು ಮಾತ್ರ ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ.

ಅವಳು ಅಂಕೋಲೆಯ ಹತ್ತಿರದ ಕೇಣಿಯವಳು. ನನ್ನ ಬಳಿ ಪಿಎಚ್‌ಡಿಗೆ ಸೇರಿದ ದಿನ ತಾಯಿಯನ್ನು ಕರೆದುಕೊಂಡು ಬಂದಿದ್ದಳು. ತಾಯಿ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವಳು. ತಲೆ ತುಂಬ ಅಬ್ಬಲಿಗೆ ಹೂ ಮುಡಿದು, ಕೈಯಲ್ಲೊಂದು ಚೀಲ ಹಿಡಿದು ನನ್ನ ಕೋಣೆಯ ಬಾಗಿಲಲ್ಲೇ ನಿಂತಳು.

"ಬಾಯೀ, ನಮ್ಮ ಹುಡ್ಗಿ ಎಂತಾ ಕಲೀತದೆ ಅಂತ ನಂಗೆ ತಿಳೂದಿಲ್ಲ. ನಿಮ್ಮ ಕೈಲಿ ಹಾಕಿದ್ದೆ. ನೀವೇ ನೋಡ್ಕಳಿ" ಎಂದಳು. ಚೀಲ ಮೇಜಿನ ಮೇಲೆ ಇಟ್ಟಳು. ಒಳಗೆ ಬಂಗಡೆ.

"ಕಾಲೇಜಿಗೆ ಯಾರಾದರೂ ಮೀನು ತರ್ತಾರಾ?" ಎಂದು ಗದರಿದೆ. ಹುಡುಗಿಯ ಮುಖ ಕೆಂಪಾಯಿತು. ತಾಯಿ ನಕ್ಕಳು. "ತಾಜಾ ಇದೆ ಬಾಯೀ, ಬೆಳಿಗ್ಗೆ ಬಂದದ್ದು" ಎಂದು ಕಿವಿರು ಎತ್ತಿ ಕೆಂಪು ತೋರಿಸಿಯೇ ಬಿಟ್ಟಳು. ಬೈದದ್ದು ಬೈದೆ, ಆ ಸಂಜೆ ಚಿತ್ತಾಕುಲದ ನಮ್ಮ ಮನೆಯಲ್ಲಿ ಅದೇ ಬಂಗಡೆಯ ಹುಳಿ ಮಾಡಿಕೊಂಡು ಉಂಡೆ.

ನಾವು ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ಹೇಳಬೇಕು. ಕಂಪ್ಯೂಟರಿನ ಚಿಪ್ಪು ಉಗುರಿನಷ್ಟು ಅಗಲ. ಅದರೊಳಗೆ ಈಗ ಒಂದಲ್ಲ, ಹತ್ತಾರು ಮಿದುಳುಗಳಿರುತ್ತವೆ. ಅವಕ್ಕೆ ಕೋರ್ ಎನ್ನುತ್ತೇವೆ. ಈ ಮೂಲೆಯ ಕೋರ್ ಆ ಮೂಲೆಯ ಕೋರ್‌ಗೆ ಒಂದು ಮಾತು ಹೇಳಬೇಕಾದರೆ ಆ ಮಾತು ಸಣ್ಣ ಸಣ್ಣ ತಂತಿಗಳ ಮೇಲೆ ಒಂದೊಂದೇ ಕೂಡುರಸ್ತೆ ದಾಟಿ ಹೋಗಬೇಕು. ಕಾರವಾರದಿಂದ ಅಂಕೋಲೆಗೆ ಹೋಗುವ ಲೋಕಲ್ ಬಸ್ಸು ಬಿಣಗಾ, ಅರಗಾ, ಅಮದಳ್ಳಿ, ಅವರ್ಸಾ ಎಂದು ಎಲ್ಲ ಕಡೆ ನಿಂತು ನಿಂತು ಹೋಗುವುದಿಲ್ಲವೇ, ಹಾಗೆ. ತಂತಿಯೇ ಬೇಡ, ಚಿಪ್ಪಿನ ಮೇಲೆಯೇ ಪುಟ್ಟ ಆಂಟೆನಾಗಳನ್ನಿಟ್ಟು ಗಾಳಿಯಲ್ಲಿ ಮಾತಾಡಿಸೋಣ ಎನ್ನುವುದು ನಮ್ಮ ಕ್ಷೇತ್ರದ ಕನಸು. ಲೋಹದಿಂದ ಅಷ್ಟು ಚಿಕ್ಕ ಆಂಟೆನಾ ಮಾಡಿದರೆ ಕೈಗೆ ಸಿಗದಷ್ಟು ಮೇಲಿನ ಆವರ್ತನ, ಅಂದರೆ ಫ್ರೀಕ್ವೆನ್ಸಿ, ಬೇಕಾಗುತ್ತದೆ. ಗ್ರಾಫೀನ್ ಹಾಗಲ್ಲ. ಅದು ಇಂಗಾಲದ ಒಂದೇ ಒಂದು ಪರಮಾಣುವಿನಷ್ಟು ದಪ್ಪದ ಹಾಳೆ. ಅದರ ಮೇಲೆ ಅಲೆ ನಿಧಾನಕ್ಕೆ ನಡೆಯುತ್ತದೆ. ಆದ್ದರಿಂದ ಕಣ್ಣಿಗೆ ಕಾಣದಷ್ಟು ಚಿಕ್ಕ ಆಂಟೆನಾ ಸಾಕು. ನಾವು ಅದನ್ನು ಕೈಯಿಂದ ಮಾಡುತ್ತಿರಲಿಲ್ಲ. ನಮ್ಮಂಥ ಊರಿನ ಕಾಲೇಜಿನಲ್ಲಿ ಅದಕ್ಕೆ ಬೇಕಾದ ಯಂತ್ರಗಳು ಎಲ್ಲಿ ಬರಬೇಕು? ಕಂಪ್ಯೂಟರಿನಲ್ಲಿ ಅದರ ಮಾದರಿ ಕಟ್ಟಿ, ಇಷ್ಟು ದೂರಕ್ಕೆ ಮಾತು ಮುಟ್ಟುತ್ತದೆಯೇ ಎಂದು ಲೆಕ್ಕ ಹಾಕಿಸುತ್ತಿದ್ದೆವು.

ಆ ಮಾದರಿಗೆ ನಾವು ಕೆಲವು ಅಂಕಿಗಳನ್ನು ಕೊಡಬೇಕು. ಅದರಲ್ಲೊಂದು, ಗ್ರಾಫೀನಿನೊಳಗೆ ಓಡುವ ಇಲೆಕ್ಟ್ರಾನು ಏನಕ್ಕಾದರೂ ಡಿಕ್ಕಿ ಹೊಡೆಯುವ ಮೊದಲು ಎಷ್ಟು ಹೊತ್ತು ಓಡುತ್ತದೆ ಎನ್ನುವುದು. ಹೆಚ್ಚು ಹೊತ್ತು ಓಡಿದರೆ ಅಲೆ ದೂರ ಹೋಗುತ್ತದೆ, ಆಂಟೆನಾ ಚೆನ್ನಾಗಿ ಮಾತಾಡುತ್ತದೆ. ಬೇಗ ಡಿಕ್ಕಿಯಾದರೆ ಅಲೆ ಅಲ್ಲೇ ಸಾಯುತ್ತದೆ, ಕೊಟ್ಟ ಶಕ್ತಿಯೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ನನ್ನ ಫೈಲಿನಲ್ಲಿ ಆ ಅಂಕಿ ಒಂದು ಪಿಕೋಸೆಕೆಂಡ್, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ನನ್ನ ಸ್ವಂತ ಡಾಕ್ಟರೇಟಿನ ಕಾಲದಲ್ಲಿ ಒಂದು ಲೇಖನ ನೋಡಿ ಹಾಕಿದ್ದು. ಆ ಲೇಖನದವರು ಇನ್ನೊಂದು ಲೇಖನ ನೋಡಿ ಹಾಕಿದ್ದರು. ಚಿಪ್ಪಿನ ಮೂಲೆಯಿಂದ ಮೂಲೆಗೆ ಮಾತು ಮುಟ್ಟುತ್ತದೆ ಎನ್ನುವ ನನ್ನ ಲೇಖನವೂ ಅದೇ ಅಂಕಿಯ ಮೇಲೆ ನಿಂತಿತ್ತು. ಆ ಫೈಲನ್ನೇ ನಕಲು ಮಾಡಿ ನನ್ನ ಬಳಿ ಬಂದ ಪ್ರತಿಯೊಬ್ಬರಿಗೂ ಕೊಟ್ಟೆ. ಅವಳಿಗೂ ಕೊಟ್ಟೆ.

ಎರಡನೆಯ ವರ್ಷದ ಮಳೆಗಾಲ. ಮಧ್ಯಾಹ್ನ. ಕರೆಂಟು ಬಂದು ಹೋಗಿ ಆಟವಾಡಿಸುತ್ತಿತ್ತು. ಕಾಲೇಜಿನ ತಪಾಸಣೆಗೆ ಯಾರೋ ಬರುವವರಿದ್ದರು, ಅದರ ಫಾರ್ಮುಗಳ ರಾಶಿ ನನ್ನ ಮೇಜಿನ ಮೇಲಿತ್ತು. ಅವಳು ಬಾಗಿಲಲ್ಲಿ ನಿಂತು, "ಮೇಡಂ, ಒಂದ್ ಕೇಳ್ಲಾ?" ಎಂದಳು.

"ಕೇಳು."

"ಡಿಕ್ಕಿ ಸಮಯ ಒಂದು ಪಿಕೋಸೆಕೆಂಡ್ ಅಂತ ಇಟ್ಟಿದ್ರಲಾ, ಅದು ಎಲ್ಲಿಂದ ಬಂತು?"

"ಎಲ್ಲರೂ ಅದನ್ನೇ ಇಡ್ತಾರೆ."

"ಅಲ್ಲಾ ಮೇಡಂ, ಚಿಪ್ಪಿನ ಮೇಲೆ ಹಾಸಿದ ಗ್ರಾಫೀನಿಗೆ ಅಷ್ಟು ಸಿಗೂಕಿಲ್ಲ ಅಂತ ಎರಡು ಕಡೆ ಓದ್ದೆ. ಹತ್ತರಲ್ಲಿ ಒಂದು ಪಾಲು ಸಿಕ್ಕರೂ ಪುಣ್ಯ. ಹಂಗಾದ್ರೆ ನಿಮ್ಮ ಲೇಖನದಲ್ಲಿ..."

ಅಷ್ಟೇ ಸಾಕಾಯಿತು. "ನೀನು ಡಾಕ್ಟರೇಟ್ ಮಾಡೂಕೆ ಬಂದದ್ದೋ, ನಂದು ಕಿತ್ಕೊಳ್ಳೂಕೆ ಬಂದದ್ದೋ?" ಎಂದು ಕೂಗಿದೆ. "ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ನನಗೆ ಅಂಕಿ ಕಲಿಸ್ತೀಯಾ? ತಲೆ ತಿನ್ಬೇಡ. ಹೋಗು, ಮುಂದಿನ ಅಧ್ಯಾಯ ಬರಿ."

ಪಕ್ಕದ ಕೋಣೆಯ ಗುಮಾಸ್ತ ಇಣುಕಿ ನೋಡುವಷ್ಟು ಜೋರಾಗಿ ಹೇಳಿದ್ದೆ. ಅವಳು ಛತ್ರಿ ತೆಗೆದುಕೊಂಡು ಹೋದಳು. ಆ ದಿನ ನನಗೆ ಒಂದು ಚೂರೂ ಬೇಜಾರಾಗಲಿಲ್ಲ ಎನ್ನುವುದನ್ನೂ ಬರೆದುಬಿಡುತ್ತೇನೆ. ಹುಟ್ಟಿದಾಗಿನಿಂದ ಕಿವಿರು ಎತ್ತಿ ನೋಡದೆ ಮೀನು ತೆಗೆದುಕೊಳ್ಳದ ಮನೆಯವಳು. ಅಂಕಿಯನ್ನೂ ಎತ್ತಿ ನೋಡಿದಳು, ಅಷ್ಟೇ ಅವಳ ತಪ್ಪು. ಆಮೇಲೆ ಮೂರು ವರ್ಷ ಕೇಣಿಯಿಂದ ಬೆಳಿಗ್ಗೆ ಏಳರ ಬಸ್ಸು ಹತ್ತಿ ಬಂದು, ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡಿ, ಪ್ರಬಂಧ ಬರೆದು ಮುಗಿಸಿದಳು. ಅದೇ ಹೊತ್ತಿಗೆ ನಮ್ಮ ವಿಭಾಗದಲ್ಲಿ ಅವಳಿಗೆ ತಾತ್ಕಾಲಿಕ ಅಧ್ಯಾಪಕಿಯ ಕೆಲಸವೂ ಸಿಕ್ಕಿತ್ತು. ಡಾಕ್ಟರೇಟ್ ಕೈಗೆ ಬಂದರೆ ಕಾಯಂ. ಬರದಿದ್ದರೆ ಅದೂ ಇಲ್ಲ.

ಕೊನೆಯ ಮೌಖಿಕ ಪರೀಕ್ಷೆಗೆ ಬಂದವರು ಹೊರಗಿನ ವಿಶ್ವವಿದ್ಯಾಲಯದ ಒಬ್ಬ ವಯಸ್ಸಾದ ಪ್ರಾಧ್ಯಾಪಕರು. ಬಹಳ ಮೆದು ಮಾತಿನ ಮನುಷ್ಯ. ಸಭಾಂಗಣದ ಹಿಂದಿನ ಸಾಲಿನಲ್ಲಿ ಅವಳ ತಾಯಿ ಹೊಸ ಸೀರೆಯುಟ್ಟು ಕೂತಿದ್ದಳು. ಆ ದಿನ ಮೀನು ಮಾರಾಟಕ್ಕೆ ರಜೆ. ಹುಡುಗಿ ಮುಕ್ಕಾಲು ಗಂಟೆ ಚೆನ್ನಾಗಿಯೇ ಮಾತಾಡಿದಳು. ಆಮೇಲೆ ಪ್ರಾಧ್ಯಾಪಕರು ಕನ್ನಡಕ ತೆಗೆದು ಒರೆಸುತ್ತಾ, "ಈ ಒಂದು ಪಿಕೋಸೆಕೆಂಡ್ ಎಲ್ಲಿಂದ ಬಂತಮ್ಮಾ?" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ತನ್ನಷ್ಟಕ್ಕೆ ಮುಂದಿದ್ದ ಪ್ರಬಂಧದ ಮೇಲೆ ಹೋಯಿತು. ಒಂದು ಪುಟ ತಿರುವಿದೆ. ಏನೋ ಹುಡುಕುವವಳ ಹಾಗೆ ಇನ್ನೊಂದು ತಿರುವಿದೆ. "ಅದು ನನ್ನ ಫೈಲಿನದು ಸರ್, ನಾನೇ ಕೊಟ್ಟದ್ದು, ಅವಳು ಕೇಳಿದಾಗ ನಾನೇ ಬಾಯಿ ಮುಚ್ಚಿಸಿದೆ" ಎನ್ನಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ.

"ತಪ್ಪು ನಂದು ಸರ್" ಎಂದಳು ಅವಳು. "ನಾನು ಪರೀಕ್ಷಿಸಿ ನೋಡಬೇಕಿತ್ತು."

ನಿಜವಾದ ಬೆಲೆ ಇಟ್ಟು ಎಲ್ಲ ಲೆಕ್ಕವನ್ನೂ ಮತ್ತೆ ಮಾಡಿ, ಪ್ರಬಂಧ ಮತ್ತೆ ಬರೆದು ಕೊಡಬೇಕು ಎಂದು ಪ್ರಾಧ್ಯಾಪಕರು ಹೇಳಿದರು. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಹೊರಗೆ ವರಾಂಡದಲ್ಲಿ ತಾಯಿ ನನ್ನನ್ನು ಹಿಡಿದು ನಿಲ್ಲಿಸಿದಳು. "ಎಂತಾ ಆತು ಬಾಯೀ? ಪಾಸಾ?"

"ಸ್ವಲ್ಪ ಕೆಲಸ ಬಾಕಿ ಇದೆ."

"ಹುಡ್ಗಿ ಎಂತಾರು ತಪ್ಪು ಮಾಡಿತಾ?"

ಇಲ್ಲ ಎನ್ನಬಹುದಿತ್ತು. "ಸಣ್ಣದು" ಎಂದೆ.

"ಬೈಬೇಡಿ ಬಾಯೀ. ನಾ ಮನೇಲಿ ಹೇಳ್ತೆ" ಎಂದು ಆ ಹೆಂಗಸು ನನಗೆ ಕೈ ಮುಗಿದಳು. ಮಗಳ ಪರವಾಗಿ ನನ್ನ ಹತ್ತಿರ ಕ್ಷಮೆ ಕೇಳಿದ್ದು. ಆಗ ಭೂಮಿ ಬಾಯಿ ಬಿಡಬಾರದಿತ್ತೇ ಎನ್ನಿಸಿತು. ಭೂಮಿ ಎಲ್ಲಿ ಬಾಯಿ ಬಿಡುತ್ತದೆ, ನಾನೇ ಬಿಡಲಿಲ್ಲ.

ಅಲ್ಲಿಗಾದರೂ ಎಲ್ಲ ಮುಗಿದಿರಲಿಲ್ಲ. ಅವಳ ನೋಂದಣಿಯ ಅವಧಿ ಮೂರು ತಿಂಗಳಲ್ಲಿ ಮುಗಿಯುತ್ತಿತ್ತು, ಅಷ್ಟರಲ್ಲಿ ಪ್ರಬಂಧ ಮತ್ತೆ ಬರೆದು ಮುಗಿಯುವಂತಿರಲಿಲ್ಲ. ಮಾರ್ಗದರ್ಶಿ ಕಾರಣ ಬರೆದು ಪತ್ರ ಕೊಟ್ಟರೆ ಇನ್ನೊಂದು ವರ್ಷ ಸಿಗುತ್ತದೆ. ಅಂದರೆ ಅವಳ ಡಾಕ್ಟರೇಟು, ಕೆಲಸ, ಐದು ವರ್ಷದ ಬಸ್ಸಿನ ಓಡಾಟ ಎಲ್ಲ ನನ್ನ ಒಂದು ಹಾಳೆಯ ಮೇಲೆ ನಿಂತಿತ್ತು. ಕಂಪ್ಯೂಟರಿನ ಮುಂದೆ ಕೂತು ಮೊದಲು ನಿಜವನ್ನೇ ಬರೆದೆ: ಮಾರ್ಗದರ್ಶಿ ನೀಡಿದ ಮೂಲ ಫೈಲಿನಲ್ಲಿ ದೋಷವಿತ್ತು, ವಿದ್ಯಾರ್ಥಿನಿ ಅದನ್ನು ಎರಡನೆಯ ವರ್ಷವೇ ಗುರುತಿಸಿದ್ದಳು. ಓದಿಕೊಂಡೆ. ಮುಂದಿನ ತಿಂಗಳು ನನ್ನದೇ ಪ್ರಾಧ್ಯಾಪಕಿ ಹುದ್ದೆಯ ಸಂದರ್ಶನವಿತ್ತು, ಆ ಫೈಲಿನಿಂದ ಬಂದ ಲೇಖನವೇ ನನ್ನ ಅರ್ಜಿಯಲ್ಲಿ ಮೊದಲನೆಯದು. ಬರೆದದ್ದನ್ನು ಅಳಿಸಿ "ಅನಿವಾರ್ಯ ಕಾರಣಗಳಿಂದ" ಎಂದು ಹಾಕಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕಾರಣ ಸ್ಪಷ್ಟವಿಲ್ಲ ಎಂದು ವಿಶ್ವವಿದ್ಯಾಲಯದಿಂದ ಪತ್ರ ತಿರುಗಿ ಬಂತು. ಇನ್ನೊಮ್ಮೆ ಬರೆಯಲು ದಿನಗಳಿದ್ದವು. ಸಂದರ್ಶನ ಮುಗಿಯಲಿ ಎಂದುಕೊಂಡೆ, ಅದು ಮುಗಿದ ಮೇಲೆ ಆದೇಶ ಕೈಗೆ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಅವಧಿ ಮುಗಿಯಿತು.

ಅವಳ ನೋಂದಣಿ ರದ್ದಾಯಿತು, ಕೆಲಸವೂ ಹೋಯಿತು. ನಾನು ಪ್ರಾಧ್ಯಾಪಕಿಯಾದೆ. ಪೇಡೆ ಹಂಚಿದೆ. ಯಾರಾದರೂ ಅವಳನ್ನು ನೆನೆಸಿದರೆ, "ಬುದ್ಧಿ ಇತ್ತು, ಧೈರ್ಯ ಸಾಲಲಿಲ್ಲ" ಎನ್ನುತ್ತಿದ್ದೆ. ಥೂ, ನನ್ನ ನಾಲಿಗೆಗೆ ಹುಳ ಬೀಳಬಾರದಿತ್ತೇ.

ನಾಲ್ಕು ವರ್ಷ ಕಳೆದ ಮೇಲೆ ಪ್ರಯೋಗಾಲಯದ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಆದೇಶ ಬಂತು. ಒಳಗಿರುವುದನ್ನು ಅಳಿಸಿ ಕೊಡಬೇಕು. ಅವಳು ಕೂರುತ್ತಿದ್ದ ಕಂಪ್ಯೂಟರನ್ನು ನಾನೇ ತೆಗೆದೆ. ಒಂದು ಫೋಲ್ಡರಿನ ಹೆಸರು "ಮೇಡಂಗೆ ತೋರಿಸಲು". ತಾರೀಕು ನೋಡಿದರೆ ನಾನು ಬೈದ ದಿನದಿಂದ ಸರಿಯಾಗಿ ಹತ್ತು ದಿನಕ್ಕೆ. ಒಳಗೆ ನನ್ನದೇ ಮಾದರಿ, ಅಂಕಿ ಮಾತ್ರ ನಿಜವಾದದ್ದು. ಚಿಪ್ಪಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮಾತು ಮುಟ್ಟುವುದಿಲ್ಲ, ಅಲೆ ಅರ್ಧ ದಾರಿಗೂ ಬರುವುದಿಲ್ಲ ಎಂದು ತೋರಿಸಿದ್ದಳು. ಅಲ್ಲಿಗೇ ನಿಲ್ಲಿಸಿರಲಿಲ್ಲ. ಗ್ರಾಫೀನಿಗೆ ಕೊಡುವ ವೋಲ್ಟೇಜನ್ನು ಹೀಗೆ ಬದಲಿಸಿದರೆ ಪಕ್ಕಪಕ್ಕದ ಕೋರ್‌ಗಳ ನಡುವೆ ಮಾತು ಆಗುತ್ತದೆ, ದೂರದ್ದನ್ನು ತಂತಿಗೇ ಬಿಡುವುದು ಒಳ್ಳೆಯದು ಎಂದು ಲೆಕ್ಕ ಸಮೇತ ಬರೆದಿದ್ದಳು. ಅದೇ ಒಂದು ಪ್ರಬಂಧ. ನಾನು ಬರೆಸಿದ್ದಕ್ಕಿಂತ ಒಳ್ಳೆಯ ಪ್ರಬಂಧ. ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅತ್ತೆ. ಎಷ್ಟೋ ವರ್ಷದಿಂದ ಹಾಗೆ ಅತ್ತಿರಲಿಲ್ಲ.

ಮರುದಿನ ಅಂಕೋಲೆಗೆ ಹೋದೆ. ಕೇಣಿಗೆ ಹೋಗುವ ರಸ್ತೆಯಲ್ಲಿ ದೋಣಿಗಳ ವೈರ್‌ಲೆಸ್ ಸೆಟ್ಟು, ಮೀನು ಹುಡುಕುವ ಯಂತ್ರ ರಿಪೇರಿ ಮಾಡುವ ಅಂಗಡಿಯಿದೆ, ಅಲ್ಲಿ ಕೆಲಸ ಮಾಡುತ್ತಾಳೆ ಎಂದು ತಿಳಿದಿತ್ತು. ಉಪ್ಪು ಗಾಳಿಗೆ ಹಸಿರುಗಟ್ಟಿದ ಒಂದು ಆಂಟೆನಾದ ತುದಿಯನ್ನು ಉಜ್ಜುತ್ತಾ ಕೂತಿದ್ದಳು. ನನ್ನನ್ನು ಕಂಡವಳು ಎದ್ದು ನಿಂತಳು. ವಿದ್ಯಾರ್ಥಿನಿ ನಿಂತ ಹಾಗೇ.

"ಬನ್ನಿ ಮೇಡಂ. ಕೂತ್ಕಳಿ. ಚಾ ಹೇಳ್ತೆ."

ಚಾ ಬಂತು. "ಆ ಫೋಲ್ಡರ್ ನೋಡಿದೆ. ಯಾಕೆ ತೋರಿಸಲಿಲ್ಲ?" ಎಂದೆ. ಅಲ್ಲೂ ದನಿಯಲ್ಲಿ ಗದರಿಕೆಯೇ ಇತ್ತು, ಹಾಳಾದ್ದು.

"ಎರಡು ಸಲ ತಂದಿದ್ದೆ. ಒಂದ್ಸಲ ನೀವು ಮೀಟಿಂಗಿನಲ್ಲಿದ್ರಿ. ಇನ್ನೊಂದ್ಸಲ ನಿಮ್ಮ ಮುಖ ನೋಡಿ ತಿರುಗಿ ಹೋದೆ."

"ಪರೀಕ್ಷೆಯ ದಿನವಾದರೂ ಹೇಳಬಹುದಿತ್ತಲ್ಲ. ತಪ್ಪು ನಿಂದು ಅಂತ ಯಾಕೆ ಒಪ್ಪಿಕೊಂಡೆ? ನನ್ನನ್ನು ಉಳಿಸೂಕಾ?"

ಇಷ್ಟು ವರ್ಷ ನಾನು ನಂಬಿಕೊಂಡದ್ದು ಅದನ್ನೇ. ಗುರುಭಕ್ತಿಯಿಂದ ಹಾಗೆ ಮಾಡಿದಳು, ನಾನು ಬಾಯಿ ತೆರೆಯುವ ಮೊದಲೇ ಅವಳು ತೆರೆದುಬಿಟ್ಟಳು ಎಂದು.

ಅವಳು ಕೈಯಲ್ಲಿದ್ದ ಆಂಟೆನಾವನ್ನು ಕೆಳಗಿಟ್ಟಳು. "ಇಲ್ಲ ಮೇಡಂ. ನೀವು ಹೇಳ್ತ್ರಿ ಅಂತ ಕಾಯ್ತಾ ಇದ್ದೆ. ನಿಮ್ಮನ್ನೇ ನೋಡ್ತಾ ಇದ್ದೆ. ನೀವು ಒಂದು ಪುಟ ತಿರುವಿದ್ರಿ. ಹೇಳ್ತ್ರು ಅಂದ್ಕಂಡೆ. ಮತ್ತೊಂದು ತಿರುವಿದ್ರಿ. ಆವಾಗ ಗೊತ್ತಾತು. ಯಾರಾರು ಒಬ್ರು ಹೇಳ್ಬೇಕಿತ್ತಲಾ."

ಕಣ್ಣೀರು ಹಾಕಿಕೊಂಡು ಹೇಳಿದ್ದರೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ದನಿಯಲ್ಲಿ ಹೇಳಿದಳು. ನಾನು ಕ್ಷಮಿಸು ಎಂದೆ. ಜೀವಮಾನದಲ್ಲಿ ಒಬ್ಬ ವಿದ್ಯಾರ್ಥಿಗೆ ಆ ಮಾತು ಹೇಳಿದ್ದು ಅದೇ ಮೊದಲು. ನಾನು ಈಗ ಏನು ಮಾಡಲಿ ಎಂದು ಕೇಳಿದೆ. ರದ್ದಾದ ನೋಂದಣಿಗೆ ಮತ್ತೆ ಜೀವ ಬರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಅವಳು ಆಂಟೆನಾವನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು: "ನಿಮ್ಮ ಲೇಖನ ಇನ್ನೂ ಹಂಗೇ ಇದ್ಯಲಾ ಮೇಡಂ. ಎಲ್ಲೋ ಒಂದು ಹುಡ್ಗಿ ಅದನ್ನೇ ತಕಂಡು ಕೆಲ್ಸ ಶುರು ಮಾಡ್ತದೆ. ಅದನ್ನ ಸರಿ ಮಾಡಿ. ನಂಗೆ ಅಷ್ಟು ಸಾಕು."

ಮಾಡಿದೆ. ಈ ಸಲ ಅಳಿಸಲಿಲ್ಲ, ಮುಂದೂಡಲಿಲ್ಲ. ಆ ವಾರವೇ ನನ್ನ ಲೇಖನ ಅಚ್ಚಾಗಿದ್ದ ಸಂಶೋಧನಾ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಬಳಸಿದ ಬೆಲೆ ವಾಸ್ತವಕ್ಕೆ ದೂರ, ದೂರದ ಸಂವಹನದ ಫಲಿತಾಂಶ ನಿಲ್ಲುವುದಿಲ್ಲ ಎಂದು ಸ್ಪಷ್ಟವಾಗಿ ಬರೆದೆ. ವಿಭಾಗದಲ್ಲಿ ಗುಸುಗುಸು ಆಯಿತು, ಆಗಲಿ ಎಂದೆ. ಅಚ್ಚಾಗಿ ಬಂದ ದಿನ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಆ ಒಂದು ಪುಟ ಹಿಡಿದುಕೊಂಡು ಹಬ್ಬಕ್ಕೆ ಹೊರಟವಳ ಹಾಗೆ ಬಸ್ಸು ಹತ್ತಿದೆ.

ಅವಳು ಕೈ ಒರೆಸಿಕೊಂಡು ಪುಟ ತೆಗೆದುಕೊಂಡಳು. ನಿಧಾನವಾಗಿ ಓದಿದಳು. ಮೊದಲ ಸಾಲಿಗೆ ಮತ್ತೆ ಹೋದಳು. ಇಂಗ್ಲಿಷಿನಲ್ಲಿದ್ದ ಆ ಸಾಲಿನ ಅರ್ಥ ಇಷ್ಟು: ಈ ಲೇಖನದಲ್ಲಿ ಒಂದು ದೋಷವಿರುವುದು ಲೇಖಕಿಯ ಗಮನಕ್ಕೆ ಬಂದಿದೆ.

"ಗಮನಕ್ಕೆ ಯಾರು ತಂದ್ರು ಮೇಡಂ?" ಎಂದಳು.

ಅವಳ ಹೆಸರು ಬೇಕೆಂದು ಬಿಟ್ಟದ್ದಲ್ಲ, ದೇವರಾಣೆ. ನಾವು ಬರೆಯುವುದೇ ಹಾಗೆ. ಗಮನಕ್ಕೆ ಬಂದಿದೆ, ಕಂಡುಬಂದಿದೆ, ತಿಳಿದುಬಂದಿದೆ. ಎಲ್ಲ ತನ್ನಷ್ಟಕ್ಕೆ ಬರುತ್ತದೆ, ತಂದವರು ಯಾರೂ ಇರುವುದಿಲ್ಲ. ತಪ್ಪು ಒಪ್ಪಿಕೊಳ್ಳಲು ಕೂತಾಗಲೂ ನನ್ನ ಕೈಗೆ ಅವಳ ನೆನಪಾಗಿರಲಿಲ್ಲ.

"ಇನ್ನೊಂದು ಸಲ ಬರೀತೇನೆ. ನಿನ್ನ ಹೆಸರು ಹಾಕಿ, ಮೊದಲ ಸಾಲಲ್ಲೇ" ಎಂದೆ.

"ಬೇಡ ಮೇಡಂ." ಪುಟವನ್ನು ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟಳು. "ಹಾಕೂ ಹೊತ್ತಿಗೆ ಹಾಕ್ಲಿಲ್ಲ. ಈಗ ಹಾಕಿ ನೀವು ಸಮಾಧಾನ ಮಾಡ್ಕಣೂದು ನಂಗೆ ಬೇಡ."

ಹೊರಗೆ ದೋಣಿಯವನೊಬ್ಬ ಸೆಟ್ಟು ಹಿಡಿದು ಕಾಯುತ್ತಿದ್ದ. ಅವಳು ಅವನನ್ನು ಒಳಗೆ ಕರೆದಳು. ನಾನು ಎದ್ದೆ. ಇದೆಲ್ಲವನ್ನೂ ಎಂದಾದರೂ ಬರೆಯಬೇಕೆಂದಿದ್ದೇನೆ ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಅವಳು ತಲೆಯೆತ್ತಲಿಲ್ಲ. "ಬರೀರಿ. ನನ್ನ ಹೆಸರು ಮಾತ್ರ ಬೇಡ" ಎಂದಳು.

ಆದ್ದರಿಂದ ಇಲ್ಲಿ ಅವಳ ಹೆಸರಿಲ್ಲ. ನನ್ನದನ್ನೂ ಹಾಕುತ್ತಿಲ್ಲ. ಅವಳದು ಇರಬೇಕಾದ ಕಡೆಯಲ್ಲೆಲ್ಲ ನನ್ನದೇ ಇದ್ದದ್ದು ಸಾಕು.